ಹೆಂಡತಿಯ ಮಾತ್ರೆ, ಮಗನ ಸಿರಪ್

ಹೋದ ಸಂಚಿಕೆಯಲ್ಲಿ ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಪಾಲ್ ಪೋಗ್ಬಾ ಉದ್ದೀಪನ ಮದ್ದಿನ ನಿಷೇಧ ಮುಗಿಸಿ ಮತ್ತೆ ಆಟಕ್ಕೆ ಬಂದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉದ್ದೀಪನ ಮದ್ದಿನ ಬಗ್ಗೆಯೇ ಇವೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಅನುಮಾನ, ಒಬ್ಬ ತಾಯಿಗೆ ನಿಜವಾದ ಆತಂಕ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಿಕ್ಕಿಬಿದ್ದ ಪ್ರತಿ ಫುಟ್‌ಬಾಲ್ ಆಟಗಾರನೂ "ಗೊತ್ತಿಲ್ಲದೆ ಏನೋ ಔಷಧಿ ತಗೊಂಡೆ" ಅಂತಲೇ ಹೇಳ್ತಾನೆ. "ಹೌದು, ಬೇಕಂತಲೇ ತಗೊಂಡೆ" ಅಂದ ಒಬ್ಬನನ್ನೂ ನಾನು ನೋಡಿಲ್ಲ. ಇವರನ್ನೆಲ್ಲ ನಂಬಬೇಕಾ?

ಎಲ್ಲರನ್ನೂ ಅಲ್ಲ, ಆದರೆ ಕೆಲವರನ್ನು ಖಂಡಿತ ನಂಬಬಹುದು. ತಮಾಷೆ ಏನೆಂದರೆ, ನಂಬಿದರೂ ನಿಷೇಧ ತಪ್ಪುವುದಿಲ್ಲ.

ಆಂಡ್ರೆ ಒನಾನಾ ಕಥೆ ತಗೊಳ್ಳಿ. 2020ರ ಅಕ್ಟೋಬರ್ 30, ಆಗ ಅವರು ಅಯಾಕ್ಸ್ ಕ್ಲಬ್‌ನ ಗೋಲ್‌ಕೀಪರ್. ಬೆಳಿಗ್ಗೆ ಮೈ ಸರಿ ಇರಲಿಲ್ಲ, ಒಂದು ಮಾತ್ರೆ ನುಂಗಿದರು. ಅದು ಹೆಂಡತಿಗೆ ವೈದ್ಯರು ಬರೆದುಕೊಟ್ಟಿದ್ದ ಮಾತ್ರೆ. ಅದರಲ್ಲಿ ಇದ್ದದ್ದು ಫ್ಯೂರೋಸೆಮೈಡ್, ಅಂದರೆ ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಇಳಿಸುವ ಔಷಧ. ಅವತ್ತೇ ಪರೀಕ್ಷೆ ಆಯಿತು, ಸಿಕ್ಕಿಬಿತ್ತು. ಈ ಮಾತ್ರೆಯಿಂದ ಯಾರಿಗೂ ಶಕ್ತಿ ಬರುವುದಿಲ್ಲ, ಓಟ ಜೋರಾಗುವುದಿಲ್ಲ. ಆದರೂ ನಿಷೇಧಿತ ಪಟ್ಟಿಯಲ್ಲಿದೆ, ಯಾಕೆಂದರೆ ಇದು ಮೂತ್ರವನ್ನು ತೆಳು ಮಾಡುತ್ತದೆ, ಅದರಲ್ಲಿ ಬೇರೆ ಮದ್ದಿನ ಗುರುತು ಅಡಗಿಬಿಡಬಹುದು. ಒನಾನಾಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಒಪ್ಪಿಕೊಂಡಿತು. ಒಪ್ಪಿಕೊಂಡೇ 12 ತಿಂಗಳು ನಿಷೇಧ ಹಾಕಿತು. ಸ್ವಿಟ್ಜರ್ಲೆಂಡ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋದ ಮೇಲೆ ಅದು 9 ತಿಂಗಳಿಗೆ ಇಳಿಯಿತು, ಅಷ್ಟೇ.

2011ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಕೊಲೊ ಟೂರೆ ಕೂಡ ಹೆಂಡತಿಯ ಮಾತ್ರೆಯಿಂದಲೇ ಕೆಟ್ಟರು. ಅದು ತೂಕ ಇಳಿಸುವ ಮಾತ್ರೆ, ಶಿಕ್ಷೆ ಆರು ತಿಂಗಳು. ಅರ್ಜೆಂಟೀನಾದ ಪಾಪು ಗೊಮೆಜ್ ಹೇಳಿದ್ದು ಮಗನ ಕೆಮ್ಮಿನ ಸಿರಪ್ ಕಥೆ. ಸೆವಿಯಾದಲ್ಲಿದ್ದಾಗ ಕೊಟ್ಟ ಮಾದರಿಯಲ್ಲಿ ಟರ್ಬ್ಯುಟಲಿನ್ ಎಂಬ ಆಸ್ತಮಾ ಔಷಧ ಸಿಕ್ಕಿತು, 2023ರ ಅಕ್ಟೋಬರ್‌ನಲ್ಲಿ ಎರಡು ವರ್ಷ ನಿಷೇಧ ಬಿತ್ತು. ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಆಟಗಾರ!

ನಿಯಮ ಹೇಳೋದು ಇಷ್ಟೇ: ನಿನ್ನ ಮೈಯೊಳಗೆ ಏನು ಸಿಕ್ಕಿದರೂ ಅದಕ್ಕೆ ನೀನೇ ಹೊಣೆ. ಹೇಗೆ ಬಂತು, ಯಾಕೆ ಬಂತು ಅನ್ನೋದು ಆಮೇಲಿನ ಮಾತು. ಅದರಿಂದ ಶಿಕ್ಷೆಯ ಉದ್ದ ಕಡಿಮೆಯಾಗಬಹುದು, ತಪ್ಪು ಮಾತ್ರ ಅಳಿಸಿಹೋಗುವುದಿಲ್ಲ.

ಈ ಉತ್ತರ ಬರೆಯುವ ಮುಂಚೆ ಸುಮ್ನೆ ಮನೆಯ ಔಷಧದ ಡಬ್ಬಿ ತೆಗೆದು ನೋಡಿದೆ. ಐದು ಸ್ಟ್ರಿಪ್ ಇದ್ದವು. ಎರಡರಲ್ಲಿ ಹೆಸರಿದ್ದ ತುದಿಯನ್ನೇ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ, ಉಳಿದ ಬಿಳಿ ಮಾತ್ರೆ ಯಾವ ಕಾಯಿಲೆಗೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ತಲೆನೋವು ಬಂದ ರಾತ್ರಿ ನಾನೇ ಅದನ್ನು ನುಂಗಿಬಿಡುತ್ತಿದ್ದೆನೋ ಏನೋ. ಹಾಗಾಗಿ ಒನಾನಾ ಮಾತು ನನಗೆ ಕಟ್ಟುಕಥೆ ಅನ್ನಿಸಲಿಲ್ಲ. ಆದರೆ ನನ್ನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಅವರ ಕ್ಲಬ್‌ನಲ್ಲಿ ಒಂದು ಫೋನ್ ದೂರದಲ್ಲಿ ವೈದ್ಯರಿದ್ದರು.

ಪ್ರಶ್ನೆ: ಡಾಕ್ಟರ್ ಚೀಟಿ ಇದ್ದರೆ ಸಾಕಲ್ವಾ ಸರ್? ಕಾಯಿಲೆ ಬಂದವನು ಔಷಧಿ ತಗೊಳ್ಳೋದೂ ತಪ್ಪಾ?

ತಪ್ಪಲ್ಲ. ಆದರೆ ಚೀಟಿ ಬೇರೆ, ಅನುಮತಿ ಬೇರೆ. ನಿಷೇಧಿತ ಪಟ್ಟಿಯಲ್ಲಿರುವ ಔಷಧ ಬೇಕೇ ಬೇಕು ಅಂದಾಗ ಆಟಗಾರ ಮೊದಲೇ ಅರ್ಜಿ ಹಾಕಬೇಕು. ಇದನ್ನು ಟಿಯುಇ ಅಂತಾರೆ, ಚಿಕಿತ್ಸೆಗಾಗಿ ಕೊಡುವ ವಿನಾಯಿತಿ. ಕಾಯಿಲೆ ಇದೆ ಅನ್ನುವುದಕ್ಕೆ ವರದಿ ಬೇಕು, ಪಟ್ಟಿಯಲ್ಲಿ ಇಲ್ಲದ ಬೇರೆ ಔಷಧದಿಂದ ಕೆಲಸ ಆಗುವುದಿಲ್ಲ ಅಂತ ತೋರಿಸಬೇಕು, ಮತ್ತು ಆ ಔಷಧ ಅವನನ್ನು ಮಾಮೂಲಿ ಆರೋಗ್ಯಕ್ಕೆ ತರಬೇಕೇ ಹೊರತು ಅದಕ್ಕಿಂತ ಮೇಲಕ್ಕೆ ಎತ್ತಬಾರದು. ವೈದ್ಯರ ಸಮಿತಿ ನೋಡಿ ಹೂಂ ಅಂದರೆ ಸರಿ. ತುರ್ತು ಚಿಕಿತ್ಸೆಯಂಥ ಕೆಲವು ಸಂದರ್ಭಗಳಲ್ಲಿ ಆಮೇಲೆ ಕೇಳಿದರೂ ಕೊಡುತ್ತಾರೆ.

ಇಲ್ಲಿ ಜಾರಿದವರು ಫ್ರಾನ್ಸ್ ಆಟಗಾರ ಸಮೀರ್ ನಸ್ರಿ. 2016ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಿನಿಕ್‌ನಲ್ಲಿ ಅವರಿಗೆ ಡ್ರಿಪ್ ಹಾಕಿದರು. ಒಳಗಿದ್ದದ್ದು ನೀರು ಮತ್ತು ವಿಟಮಿನ್ ಥರದ ಪೋಷಕಾಂಶಗಳು. ನಿಷೇಧಿತ ಮದ್ದು ಒಂದು ಹನಿಯೂ ಇಲ್ಲ. ಆದರೆ ಪ್ರಮಾಣ 500 ಮಿಲಿಲೀಟರ್. ಆಗಿನ ನಿಯಮದಲ್ಲಿ ಆರು ಗಂಟೆಗೆ 50 ಮಿಲಿಲೀಟರ್‌ಗಿಂತ ಜಾಸ್ತಿ ಡ್ರಿಪ್ ಹಾಕಿಸಿಕೊಳ್ಳುವುದೇ ತಪ್ಪು, ಒಳಗೆ ಏನಿದ್ದರೂ ಸರಿ. ಇದು ಹೊರಗೆ ಬಂದದ್ದು ಪರೀಕ್ಷೆಯಿಂದಲೂ ಅಲ್ಲ! ಕ್ಲಿನಿಕ್‌ನವರು ಖುಷಿಯಿಂದ ಫೋಟೋ ತೆಗೆದು ಟ್ವಿಟರ್‌ನಲ್ಲಿ ಹಾಕಿದ್ದರು. ಹುಷಾರಿರಲಿಲ್ಲ ಅಂತ ನಸ್ರಿ ಆಮೇಲೆ ವಿನಾಯಿತಿ ಕೇಳಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೊಡಲಿಲ್ಲ. ಮೊದಲು ಆರು ತಿಂಗಳ ನಿಷೇಧ ಬಂತು, ಯುಇಎಫ್‌ಎ ಮೇಲ್ಮನವಿಯಲ್ಲಿ ಅದು 18 ತಿಂಗಳಾಯಿತು.

ಇನ್ನೊಂದು ಗೊಂದಲ ಇದೆ, ಇದರಲ್ಲಿ ತುಂಬಾ ಜನ ಬೀಳುತ್ತಾರೆ. ಮಾದರಿ ಕೊಡುವಾಗ ಒಂದು ಫಾರಂ ತುಂಬಿಸುತ್ತಾರೆ. ಕಳೆದ ಏಳು ದಿನದಲ್ಲಿ ಏನೇನು ಔಷಧಿ, ಸಪ್ಲಿಮೆಂಟ್ ತಗೊಂಡಿದ್ದೀರಿ ಬರೆಯಿರಿ ಅಂತ ಅದರಲ್ಲಿ ಒಂದು ಜಾಗ ಇರುತ್ತದೆ. ಅಲ್ಲಿ ಬರೆದುಬಿಟ್ಟರೆ ಒಪ್ಪಿಗೆ ಸಿಕ್ಕಿತು ಅಂತ ಅಂದುಕೊಳ್ಳುತ್ತಾರೆ. ಇಲ್ಲ. ಅದು ಕೇವಲ ಮಾಹಿತಿ. ಮುಂದೆ ವಿಚಾರಣೆಯಲ್ಲಿ "ನಾನು ಮುಚ್ಚಿಡಲಿಲ್ಲ" ಅನ್ನಲು ಬೇಕಾದರೆ ಸಹಾಯಕ್ಕೆ ಬರಬಹುದು.

ಪ್ರಶ್ನೆ: ಮೂತ್ರದ ಬಾಟಲಿ ಅದಲುಬದಲಾಗಿದೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದಲ್ಲ?

ಹೇಳಬಹುದು, ನಡೆಯುವುದು ಕಷ್ಟ. ಸಾಮಾನ್ಯವಾಗಿ ಪಂದ್ಯ ಮುಗಿಯುವ ಹೊತ್ತಿಗೆ ಎರಡೂ ತಂಡದಿಂದ ಇಬ್ಬಿಬ್ಬರ ಹೆಸರನ್ನು ಚೀಟಿ ಎತ್ತಿ ಆರಿಸಿರುತ್ತಾರೆ. ಮೈದಾನದಿಂದ ಹೊರಗೆ ಬಂದ ಕ್ಷಣದಿಂದ ಆಟಗಾರನ ಹಿಂದೆ ಒಬ್ಬರು ಇರುತ್ತಾರೆ, ನೆರಳಿನ ಹಾಗೆ. ಪರೀಕ್ಷಾ ಕೋಣೆಯಲ್ಲಿ ಅಂಗಿ ಎದೆವರೆಗೆ ಎತ್ತಿ, ಚಡ್ಡಿ ಮೊಣಕಾಲಿಗೆ ಇಳಿಸಿ, ಅಧಿಕಾರಿಯ ಕಣ್ಣೆದುರೇ ಕಪ್ ತುಂಬಿಸಬೇಕು, ಕನಿಷ್ಠ 90 ಮಿಲಿಲೀಟರ್. 90 ನಿಮಿಷ ಓಡಿ ಬೆವರು ಸುರಿಸಿದವನಿಗೆ ಅಷ್ಟು ಮೂತ್ರ ಬರುವುದೇ ಇಲ್ಲ, ಎಷ್ಟೋ ಸಲ ಬಸ್ಸಿನಲ್ಲಿ ತಂಡ ಕಾಯುತ್ತಾ ಕೂತಿರುತ್ತದೆ, ಒಳಗೆ ಇವನು ನೀರಿನ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡುತ್ತಿರುತ್ತಾನೆ. ಆಮೇಲೆ ಅವನ ಕೈಯಿಂದಲೇ ಎ ಮತ್ತು ಬಿ ಅನ್ನುವ ಎರಡು ಗಾಜಿನ ಬಾಟಲಿಗೆ ಸುರಿಸುತ್ತಾರೆ. ಮುಚ್ಚಳ ತಿರುಗಿಸಿದರೆ ಟಿಕ್ ಟಿಕ್ ಅಂತ ಒಂದೊಂದೇ ಹಲ್ಲು ಬಿಗಿಯುತ್ತದೆ, ಹಿಂದಕ್ಕೆ ತಿರುಗುವುದಿಲ್ಲ. ಎ ಬಾಟಲಿಯಲ್ಲಿ ಏನಾದರೂ ಸಿಕ್ಕಿದರೆ ಆಟಗಾರ ಬಿ ಬಾಟಲಿಯ ಪರೀಕ್ಷೆ ಕೇಳಬಹುದು, ಅದನ್ನು ತೆರೆಯುವಾಗ ತನ್ನ ಕಡೆಯವರನ್ನು ಎದುರಿಗೆ ನಿಲ್ಲಿಸಬಹುದು.

ಪ್ರಶ್ನೆ: ಪೋಗ್ಬಾಗೆ ನಾಲ್ಕು ವರ್ಷ ಅಂದರು, ಆಮೇಲೆ ಹದಿನೆಂಟು ತಿಂಗಳು ಅಂದರು. ದುಡ್ಡಿದ್ದವನಿಗೆ ಒಂದು ನ್ಯಾಯ, ಅಲ್ವಾ?

ಅರ್ಧ ಹೌದು, ಅರ್ಧ ಅಲ್ಲ.

2023ರ ಆಗಸ್ಟ್ 20ರಂದು ಉಡಿನೀಸ್ ವಿರುದ್ಧದ ಪಂದ್ಯದಲ್ಲಿ ಪೋಗ್ಬಾ ಆಡಲೇ ಇಲ್ಲ, ಬೆಂಚಿನಲ್ಲಿ ಕೂತಿದ್ದರು. ಆದರೂ ಪರೀಕ್ಷೆ ಆಯಿತು. ಸಿಕ್ಕಿದ್ದು ಡಿಎಚ್‌ಇಎ, ದೇಹದಲ್ಲಿ ಟೆಸ್ಟೊಸ್ಟಿರಾನ್ ಆಗುವ ಹಾರ್ಮೋನು. ಇಂಥ ಮದ್ದಿಗೆ ಶುರುವಿನಲ್ಲೇ ನಾಲ್ಕು ವರ್ಷ. "ಬೇಕಂತ ಮಾಡಿಲ್ಲ" ಅಂತ ಆಟಗಾರನೇ ಸಾಬೀತು ಮಾಡಿದರೆ ಎರಡು ವರ್ಷಕ್ಕೆ ಬರುತ್ತದೆ, ತಪ್ಪಿನ ಪಾಲು ಚಿಕ್ಕದು ಅಂತ ತೋರಿಸಿದರೆ ಇನ್ನೂ ಇಳಿಯುತ್ತದೆ. ಒನಾನಾ ಮಾತ್ರೆಯಂಥದ್ದಕ್ಕೆ ಲೆಕ್ಕವೇ ಬೇರೆ, ಅಲ್ಲಿ ಉದ್ದೇಶ ಇತ್ತು ಅಂತ ತೋರಿಸುವ ಕೆಲಸ ಎದುರಿನವರದು. ಇಟಲಿಯ ನ್ಯಾಯಮಂಡಳಿ ಪೋಗ್ಬಾಗೆ ಪೂರ್ತಿ ನಾಲ್ಕು ವರ್ಷ ಹಾಕಿತು. 2024ರ ಅಕ್ಟೋಬರ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು 18 ತಿಂಗಳಿಗೆ ಇಳಿಸಿತು. ಫ್ಲೋರಿಡಾದ ಒಬ್ಬ ವೈದ್ಯರು ತಪ್ಪಾಗಿ ಬರೆದುಕೊಟ್ಟ ಸಪ್ಲಿಮೆಂಟ್‌ನಿಂದ ಬಂದದ್ದು ಅಂತ ಒಪ್ಪಿತು. ಆದರೂ ಅವರ ಮಟ್ಟದ ಆಟಗಾರ ಇನ್ನೂ ಹುಷಾರಾಗಿರಬೇಕಿತ್ತು ಅನ್ನುವ ಮಾತು ಉಳಿಯಿತು.

ನಿಯಮ ಎಲ್ಲರಿಗೂ ಒಂದೇ. ಆದರೆ ಆ ನಿಯಮದಲ್ಲಿರುವ ರಿಯಾಯಿತಿ ಸಿಗಬೇಕಾದರೆ ಮದ್ದು ಎಲ್ಲಿಂದ ಬಂತು ಅಂತ ತೋರಿಸಬೇಕು, ಅದಕ್ಕೆ ಡಬ್ಬಿಯ ಪರೀಕ್ಷೆ, ತಜ್ಞರು, ವಕೀಲರು, ಸ್ವಿಟ್ಜರ್ಲೆಂಡ್‌ನಲ್ಲಿ ವಿಚಾರಣೆ. ಎರಡನೇ ದರ್ಜೆ ಲೀಗ್‌ನ ಹುಡುಗ ಇದನ್ನೆಲ್ಲ ಎಲ್ಲಿಂದ ತರಬೇಕು? ನಿಮ್ಮ ಸಿಟ್ಟಿನಲ್ಲಿ ನನಗೆ ನ್ಯಾಯ ಕಾಣೋದು ಈ ಜಾಗದಲ್ಲಿ. ಪೋಗ್ಬಾಗೂ ಪುಕ್ಕಟೆ ಆಗಲಿಲ್ಲ ಬಿಡಿ: ಯುವೆಂಟಸ್ ಒಪ್ಪಂದ ಮುಗಿಸಿತು, ಒಂದೂವರೆ ವರ್ಷ ಹೋಯಿತು, ಮೊನಾಕೊ ಸೇರುವ ಹೊತ್ತಿಗೆ ವಯಸ್ಸು 32.

ಪ್ರಶ್ನೆ: ಏನೂ ತಪ್ಪೇ ಮಾಡದೆ ಸಿಕ್ಕಿಬಿದ್ದವರು ಇದ್ದಾರಾ?

ಇದ್ದಾರೆ. ಮಮಡೂ ಸಾಖೊ ಹೆಸರು ನೆನಪಿಟ್ಟುಕೊಳ್ಳಿ. 2016ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಪರ ಆಡಿದ ಮೇಲೆ ಅವರ ಮಾದರಿಯಲ್ಲಿ ಹೈಜೆನಮಿನ್ ಸಿಕ್ಕಿತು. ಕೊಬ್ಬು ಕರಗಿಸುವ ಮಾತ್ರೆಯಿಂದ ಬಂದದ್ದು, ಅವರು ಅದನ್ನು ಮುಚ್ಚಿಡಲೂ ಇಲ್ಲ. ತಾತ್ಕಾಲಿಕ ಅಮಾನತು ಆಯಿತು. ಕ್ಲಬ್‌ನ ಯುರೋಪಾ ಲೀಗ್ ಫೈನಲ್ ಹೋಯಿತು. ತವರಿನಲ್ಲೇ ನಡೆದ 2016ರ ಯೂರೋ ಟೂರ್ನಿಗೆ ಫ್ರಾನ್ಸ್ ತಂಡದಲ್ಲಿ ಜಾಗ ಸಿಗಲಿಲ್ಲ. ಆಮೇಲೆ ಜುಲೈನಲ್ಲಿ ಯುಇಎಫ್‌ಎ ಪ್ರಕರಣವನ್ನೇ ಕೈಬಿಟ್ಟಿತು. ಯಾಕೆ ಗೊತ್ತಾ? ಆ ವಸ್ತುವಿನ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿರುವ ಒಂದು ಗುಂಪಿಗೆ ಇದು ಸೇರುತ್ತದಾ ಇಲ್ಲವಾ ಅನ್ನೋದೇ ಖಚಿತವಾಗಿರಲಿಲ್ಲ. 2017ರ ಪಟ್ಟಿಯಲ್ಲಿ ವಾಡಾ, ಅಂದರೆ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ, ಅದರ ಹೆಸರನ್ನು ಸೇರಿಸಿತು. ಸಾಖೊ ಮೊಕದ್ದಮೆ ಹೂಡಿದರು, 2020ರಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ದುಡ್ಡು ಬಂತು ಸರಿ, ಫೈನಲ್ ಪಂದ್ಯ ವಾಪಸ್ ಬರುತ್ತಾ?

2011ರಲ್ಲಿ ಮೆಕ್ಸಿಕೊದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆದಾಗ ಪರೀಕ್ಷಿಸಿದ 208 ಮಾದರಿಗಳಲ್ಲಿ 109ರಲ್ಲಿ ಕ್ಲೆನ್‌ಬ್ಯುಟರಾಲ್ ಎಂಬ ನಿಷೇಧಿತ ಮದ್ದು ಸಿಕ್ಕಿತು. ಅಷ್ಟೂ ಹುಡುಗರು ಕಳ್ಳರಾಗಿರಲು ಸಾಧ್ಯವಾ? ದನ ಕೊಬ್ಬಲಿ ಅಂತ ಅದಕ್ಕೆ ತಿನ್ನಿಸಿದ ಮದ್ದು ಮಾಂಸದ ಮೂಲಕ ಇವರ ಹೊಟ್ಟೆಗೆ ಬಂದಿತ್ತು. ಯಾರಿಗೂ ಶಿಕ್ಷೆ ಆಗಲಿಲ್ಲ. ಅದೇ ಒಬ್ಬನೇ ಹುಡುಗ ಸಿಕ್ಕಿಬಿದ್ದು "ಮಾಂಸದಿಂದ ಬಂತು" ಅಂದಿದ್ದರೆ ನಾವೆಲ್ಲ ನಕ್ಕುಬಿಡುತ್ತಿದ್ದೆವು, ಅಲ್ವಾ?

ಪ್ರಶ್ನೆ: ಪರೀಕ್ಷೆಗೆ ಹೋಗದೇ ಇದ್ದರೆ?

ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೊ ಫರ್ಡಿನೆಂಡ್ 2003ರ ಸೆಪ್ಟೆಂಬರ್ 23ರಂದು ಹಾಗೇ ಮಾಡಿದರು. ಮರೆತು ಶಾಪಿಂಗ್‌ಗೆ ಹೋದೆ ಅಂದರು. ಎರಡು ದಿನ ಬಿಟ್ಟು ಕೊಟ್ಟ ಮಾದರಿಯಲ್ಲಿ ಏನೂ ಇರಲಿಲ್ಲ. ಎಂಟು ತಿಂಗಳು ನಿಷೇಧ, 50,000 ಪೌಂಡ್ ದಂಡ, 2004ರ ಯೂರೋ ಟೂರ್ನಿ ಕೈತಪ್ಪಿತು.

ಪ್ರಶ್ನೆ: ಈ ಔಷಧದ ನೆಪ ಶುರುವಾಗಿದ್ದು ಯಾವಾಗಿಂದ? ಮರಡೋನಾ ಕಾಲದಿಂದಲಾ?

ಅದಕ್ಕೂ ಇಪ್ಪತ್ತು ವರ್ಷ ಮುಂಚೆ. 1974ರ ವಿಶ್ವಕಪ್‌ನಲ್ಲಿ ಹೈಟಿಯ ಅರ್ನ್ಸ್ಟ್ ಜೀನ್-ಜೋಸೆಫ್ ಸಿಕ್ಕಿಬಿದ್ದರು. ಆಸ್ತಮಾ ಔಷಧಿ ಅಂದರು. ಅವರದೇ ತಂಡದ ವೈದ್ಯರು ಅಂಥ ಔಷಧಿ ಬೇಕಾದ ಕಾಯಿಲೆ ಇವನಿಗಿಲ್ಲ ಅಂದುಬಿಟ್ಟರು. ಅವರ ದೇಶದ ಅಧಿಕಾರಿಗಳೇ ಹೊಡೆದು, ವಿಮಾನ ಹತ್ತಿಸಿ ಕಳಿಸಿದರು. ಓದಿದಾಗ ಮೈ ಜುಂ ಅಂದಿತು. 1978ರಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಜಾನ್‌ಸ್ಟನ್ ಪೆರು ವಿರುದ್ಧದ ಪಂದ್ಯದ ನಂತರ ಸಿಕ್ಕಿಬಿದ್ದು ಅಲರ್ಜಿ ಮಾತ್ರೆ ಅಂದರು, ಅವರನ್ನೂ ಮನೆಗೆ ಕಳಿಸಿದರು.

ಮರಡೋನಾದು 1994ರ ಜೂನ್ 25, ನೈಜೀರಿಯಾ ವಿರುದ್ಧದ ಪಂದ್ಯ. ಬಿಳಿ ಬಟ್ಟೆ ತೊಟ್ಟ ಸಹಾಯಕಿ ಮೈದಾನಕ್ಕೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ, ಇವರು ನಗುನಗುತ್ತಾ ಜನರಿಗೆ ಕೈ ಬೀಸುತ್ತಾ ಹೋಗುತ್ತಾರೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ. ಎಫೆಡ್ರಿನ್ ಎಂಬ ಉತ್ತೇಜಕ ಮತ್ತು ಅದರ ಜಾತಿಯ ಇತರ ನಾಲ್ಕು ವಸ್ತು ಸಿಕ್ಕಿದವು, 15 ತಿಂಗಳ ನಿಷೇಧ. ಅರ್ಜೆಂಟೀನಾ ಅಂಗಿಯಲ್ಲಿ ಅವರು ಆಮೇಲೆ ಆಡಲಿಲ್ಲ.

ಪ್ರಶ್ನೆ: ಅಮೆರಿಕದ ಫುಟ್‌ಬಾಲ್‌ನಲ್ಲಿ ನಾಲ್ಕು ಪಂದ್ಯ, ಆರು ಪಂದ್ಯ ಅಂತ ನಿಷೇಧ ಹಾಕ್ತಾರೆ. ಅಲ್ಲಿ ಯಾಕೆ ಇಷ್ಟು ಕಡಿಮೆ?

ಎನ್‌ಎಫ್‌ಎಲ್, ಅಂದರೆ ಆ ಫುಟ್‌ಬಾಲ್‌ನ ಲೀಗ್, ವಾಡಾ ನಿಯಮದ ಅಡಿಯಲ್ಲಿ ಬರುವುದಿಲ್ಲ. ಲೀಗ್ ಮತ್ತು ಆಟಗಾರರ ಸಂಘ ಕೂತು ಚೌಕಾಸಿ ಮಾಡಿ ಬರೆದುಕೊಂಡ ನಿಯಮ ಅದು. 2022ರಲ್ಲಿ ಡಿಆಂಡ್ರೆ ಹಾಪ್ಕಿನ್ಸ್‌ಗೆ ಆರು ಪಂದ್ಯ ಬಿತ್ತು, ಒಂದು ಸೀಸನ್‌ಗೆ ಇರೋದೇ 17 ಪಂದ್ಯ. ಮೂರರಲ್ಲೊಂದು ಭಾಗ ಹೋಯಿತು. ಆದರೂ ನಾಲ್ಕು ವರ್ಷದ ಮುಂದೆ ಅದು ಏನೂ ಅಲ್ಲ, ನಿಜ.

ಅಲ್ಲಿನ ಸಬೂಬುಗಳಿಗೆ ಒಂದು ಅನುಕೂಲ ಇತ್ತು. ಸಿಕ್ಕಿದ ಮದ್ದು ಯಾವುದು ಅಂತ ಲೀಗ್ ಹೊರಗೆ ಹೇಳುತ್ತಿರಲಿಲ್ಲ. ಹಾಗಾಗಿ ಒಂದು ಕಾಲದಲ್ಲಿ ಸಿಕ್ಕಿಬಿದ್ದವರು ಸಾಲಾಗಿ "ಅಡ್ಡರಾಲ್" ಅನ್ನತೊಡಗಿದರು. ಗಮನ ನಿಲ್ಲದ ತೊಂದರೆಗೆ ಕೊಡುವ ಮಾತ್ರೆ ಅದು, ಸ್ಟೆರಾಯ್ಡ್ ಅನ್ನುವುದಕ್ಕಿಂತ ಕೇಳಲು ಹಿತ. ನಿಜವಾ ಸುಳ್ಳಾ ಅಂತ ನೋಡಲು ಹೊರಗಿನವರಿಗೆ ದಾರಿಯೇ ಇರಲಿಲ್ಲ. 2014ರಲ್ಲಿ ರಾಬರ್ಟ್ ಮ್ಯಾಥಿಸ್ ನಾಲ್ಕು ಪಂದ್ಯ ಕಳೆದುಕೊಂಡಾಗ ಹೇಳಿದ್ದು, ಮಗು ಆಗಲಿ ಅಂತ ತಗೊಂಡ ಔಷಧಿ ಅಂತ. ವೈದ್ಯರು ಬರೆದದ್ದೇ ಇರಬಹುದು. ಮೊದಲೇ ಕೇಳಿರಲಿಲ್ಲ, ಅಷ್ಟೇ ಸಾಕಾಯಿತು. ರಿಚರ್ಡ್ ಶೆರ್ಮನ್ ಮಾತ್ರ 2012ರಲ್ಲಿ ಮೇಲ್ಮನವಿ ಗೆದ್ದರು, ಔಷಧದ ಕಥೆ ಹೇಳಿ ಅಲ್ಲ. ಅವರ ಮಾದರಿ ಇದ್ದ ಕಪ್ ಸೋರುತ್ತಿತ್ತು, ಮಾದರಿ ತಗೊಂಡವರು ಅದನ್ನು ವರದಿಯಲ್ಲಿ ಬರೆದಿರಲಿಲ್ಲ.

ಪ್ರಶ್ನೆ: ಕೆಮ್ಮಿನ ಸಿರಪ್‌ಗೆ ಎರಡು ವರ್ಷ, ಆದರೆ ನೋವಿನ ಮಾತ್ರೆ, ಇಂಜೆಕ್ಷನ್ ಚುಚ್ಚಿಸಿಕೊಂಡು ಆಡುವುದು ಸರಿಯಾ? ಇದ್ಯಾವ ಲೆಕ್ಕ?

ಇದು ನನ್ನನ್ನೂ ಕಾಡುವ ಪ್ರಶ್ನೆ. 2010ರ ವಿಶ್ವಕಪ್‌ನಲ್ಲಿ 39% ಆಟಗಾರರು ಪ್ರತಿ ಪಂದ್ಯಕ್ಕೂ ಮುಂಚೆ ನೋವಿನ ಔಷಧಿ ತಗೊಂಡಿದ್ದರು ಅಂತ ಫಿಫಾ ವೈದ್ಯರೇ ಲೆಕ್ಕ ಕೊಟ್ಟರು. ಪ್ರತಿ ಪಂದ್ಯಕ್ಕೂ! ನೋವು ದೇಹ ಹೇಳುವ ಮಾತು, ಅದರ ಬಾಯಿ ಮುಚ್ಚಿಸಿ ಓಡಿಸಿದರೆ ಮಂಡಿ, ಹೊಟ್ಟೆ, ಮೂತ್ರಪಿಂಡ ಲೆಕ್ಕ ಚುಕ್ತಾ ಮಾಡುತ್ತವೆ. ನಿಯಮ ಈಗ ಸ್ವಲ್ಪ ಬಿಗಿಯಾಗಿದೆ. 2022ರಿಂದ ಸ್ಟೆರಾಯ್ಡ್ ಜಾತಿಯ ನೋವಿನ ಇಂಜೆಕ್ಷನ್‌ಗಳು, ಕೀಲಿಗೆ ಕೊಡುವುದೂ ಸೇರಿ, ಪಂದ್ಯದ ಅವಧಿಯಲ್ಲಿ ನಿಷಿದ್ಧ. 2024ರ ಜನವರಿ 1ರಿಂದ ಟ್ರಾಮಡಾಲ್ ಎಂಬ ಜೋರಾದ ನೋವಿನ ಔಷಧ ಕೂಡ. ಮಾಮೂಲಿ ನೋವಿನ ಮಾತ್ರೆಗಳಿಗೆ ಮಾತ್ರ ತಡೆ ಇಲ್ಲ. ಒನಾನಾಗೆ 9 ತಿಂಗಳು ಸರಿ ಅನ್ನುವವರು ಇದನ್ನು ನೋಡಿ ಸುಮ್ಮನಿರುವುದು ನನಗೆ ಅರ್ಥವಾಗುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ, ಒಂದು ಕ್ಲಬ್‌ನ ಜೂನಿಯರ್ ತಂಡದಲ್ಲಿದ್ದಾನೆ. ಆಸ್ತಮಾ ಇದೆ, ಇನ್ಹೇಲರ್ ಇಲ್ಲದೆ ಆಡಲು ಆಗುವುದಿಲ್ಲ. ಇದನ್ನೆಲ್ಲ ಓದಿ ಭಯ ಆಗಿದೆ. ನಾನೇನು ಮಾಡಲಿ?

ಅಮ್ಮಾ, ಮೊದಲು ಒಂದು ಮಾತು: ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ. ಆಸ್ತಮಾ ಇದ್ದೂ ದೊಡ್ಡ ಮಟ್ಟದಲ್ಲಿ ಆಡಿದವರು ಬೇಕಾದಷ್ಟು ಜನ ಇದ್ದಾರೆ.

ಇನ್ಹೇಲರ್ ಮೇಲಿರುವ ಹೆಸರು ಓದಿ. ಸಾಲ್ಬ್ಯುಟಮಾಲ್ ಆಗಿದ್ದರೆ ಒಂದು ಮಿತಿಯೊಳಗೆ ಎಳೆದುಕೊಳ್ಳಲು ಅನುಮತಿಯೇ ಬೇಡ. ಮಿತಿ ಎಂದರೆ 24 ಗಂಟೆಗೆ 1600 ಮೈಕ್ರೊಗ್ರಾಂ, ಅದರಲ್ಲೂ ಯಾವುದೇ ಎಂಟು ಗಂಟೆಯಲ್ಲಿ 600 ದಾಟಬಾರದು. ಒಂದು ಸಲ ಒತ್ತಿದರೆ ಸಾಮಾನ್ಯವಾಗಿ 100 ಬರುತ್ತದೆ, ಲೆಕ್ಕ ಹಾಕಿಕೊಳ್ಳಿ. ಅದೇ ಔಷಧ ಮಾತ್ರೆ ಅಥವಾ ಸಿರಪ್ ರೂಪದಲ್ಲಿ ಆದರೆ ಬೇಡ. ಟರ್ಬ್ಯುಟಲಿನ್ ಆಗಿದ್ದರೆ ವಿನಾಯಿತಿ ಬೇಕೇ ಬೇಕು. ಎರಡೂ ಆಸ್ತಮಾ ಔಷಧವೇ, ಆದರೆ ನಿಯಮ ಬೇರೆ ಬೇರೆ. ಶೀತದ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಇದೆಯಾ ನೋಡಿ, ಪಂದ್ಯದ ದಿನ ಅದಕ್ಕೂ ಮಿತಿ ಇದೆ.

ಅವನ ವೈದ್ಯರ ಹತ್ತಿರ ಕಾಯಿಲೆಯ ವಿವರ, ಉಸಿರಾಟದ ಪರೀಕ್ಷೆಯ ವರದಿ ಬರೆಸಿಟ್ಟುಕೊಳ್ಳಿ. ಕ್ಲಬ್‌ನ ವೈದ್ಯರಿಗೆ ಅದರ ಒಂದು ಪ್ರತಿ ಕೊಡಿ. ನಿಷೇಧಿತ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಬದಲಾಗುತ್ತದೆ, ಹೋದ ವರ್ಷ ಸರಿ ಇದ್ದದ್ದು ಈ ವರ್ಷವೂ ಸರಿ ಅಂತ ಅಂದುಕೊಳ್ಳಬೇಡಿ. ಜಿಮ್‌ನಲ್ಲಿ ಯಾರಾದರೂ ಪ್ರೋಟೀನ್ ಪುಡಿ, ಕೊಬ್ಬು ಕರಗಿಸುವ ಮಾತ್ರೆ ಕೊಟ್ಟರೆ ತಗೊಳ್ಳಬೇಡ ಅಂತ ಅವನಿಗೆ ಖಡಾಖಂಡಿತವಾಗಿ ಹೇಳಿ. ಮಾತ್ರೆ ಕತ್ತರಿಸುವಾಗ ಹೆಸರಿರುವ ತುದಿಯನ್ನು ಕೊನೆಯವರೆಗೂ ಉಳಿಸಿ, ಇಲ್ಲವಾದರೆ ತಂದ ದಿನವೇ ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಬ್ಯಾಚ್ ನಂಬರ್ ಕಾಣುವ ಹಾಗೆ. ಮತ್ತೆ ಮನೆಯಲ್ಲಿ ಬೇರೆಯವರ ಮಾತ್ರೆಗಳಿದ್ದರೆ ಅವು ಅವನ ಡಬ್ಬಿಯಲ್ಲಿ ಬೇಡ. ನಾನಂತೂ ಹೆಸರಿಲ್ಲದ ಆ ಎರಡು ಸ್ಟ್ರಿಪ್‌ಗಳನ್ನು ಇವತ್ತೇ ಎಸೆದೆ.